ಚಿನ್ನದ ಗಣಿಯಲ್ಲಿ ಕಣಕ್ಕಾಗಿ ಕಾದವರು

ಮುಂಗಾರಿನ ಮೊದಲ ಮಳೆ ಬಿದ್ದರೆ ಸಾಕು, ನಮ್ಮ ಆಸ್ಪರಿಯಿಂದ ಆಚೆ ತುಗ್ಗಲಿ, ಜೊನ್ನಗಿರಿಗಳ ಹೊಲಗಳಲ್ಲಿ ಜನ ತಲೆ ಬಗ್ಗಿಸಿಕೊಂಡು ವಜ್ರ ಹುಡುಕುತ್ತ ನಡೆಯುತ್ತಾರೆ. ಯಾರೋ ಒಬ್ಬಿಬ್ಬರಿಗೆ ಸಿಗುತ್ತದೆ. ಉಳಿದವರು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಅವರ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ನಾನು ಇಲ್ಲಿ ಬರೆಯಹೊರಟಿರುವುದು ಹಾಗೆ ಬರಿಗೈಯಲ್ಲಿ ಬಂದ ಕೆಲವು ವಿಜ್ಞಾನಿಗಳ ಚರಿತ್ರೆಯನ್ನು. ಅವರು ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಪ್ರೋಟಾನು ಎಂಬ ಕಣದ ಸಾವಿಗಾಗಿ ಕಾದಿದ್ದರು.

ಕಣಕ್ಕೆ ಸಾವೇ, ಅದನ್ನು ಕಾಯುವುದೇಕೆ ಎಂದು ಓದುಗರು ಕೇಳಬಹುದು. ಪ್ರತಿಯೊಂದು ಕಣಕ್ಕೂ ಒಂದು ಪ್ರತಿಕಣ ಇರಬೇಕೆಂಬುದು ಡಿರಾಕ್ 1928ರಲ್ಲಿ ಬರೆದ ಸಮೀಕರಣದಿಂದ ಹೊರಟ ಮಾತು. 1932ರಲ್ಲಿ ಆಂಡರ್ಸನ್ ಇಲೆಕ್ಟ್ರಾನಿನ ಪ್ರತಿಕಣವನ್ನು ಕಂಡರು. ಕಣ ಮತ್ತು ಪ್ರತಿಕಣ ಸೇರಿದರೆ ಎರಡೂ ಅಳಿದು ಶಕ್ತಿ ಮಾತ್ರ ಉಳಿಯುತ್ತದೆ. ವಿಶ್ವದ ಹುಟ್ಟಿನಲ್ಲಿ ಎರಡೂ ಸಮಸಮವಾಗಿದ್ದರೆ ಇಷ್ಟರಲ್ಲಿ ಎಲ್ಲವೂ ಅಳಿದು ಬೆಳಕು ಮಾತ್ರ ಇರಬೇಕಿತ್ತು. ಆದರೆ ನಾವಿದ್ದೇವೆ. ಅಂದರೆ ಸುಮಾರು ನೂರು ಕೋಟಿ ಪ್ರತಿಕಣಗಳಿಗೆ ನೂರು ಕೋಟಿಯ ಮೇಲೊಂದು ಕಣ ಇದ್ದಿರಬೇಕು ಎಂಬುದು ವಿಜ್ಞಾನಿಗಳ ಅಂದಾಜು. ಬಿ.ಎ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾದ ನನಗೆ ಇದು ತಿಳಿದದ್ದು ಜಮಾ ಖರ್ಚಿನ ಭಾಷೆಯಲ್ಲಿ. ನೂರು ಕೋಟಿಯ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು. ಆ ಒಂದು ರೂಪಾಯಿಯೇ ನಕ್ಷತ್ರ, ಭೂಮಿ, ಆದೋನಿಯ ಹತ್ತಿ, ನೀವು, ನಾನು. ಅದು ಎಲ್ಲಿಂದ ಬಂತು?

1967ರಲ್ಲಿ ರಷ್ಯದ ಸಖರೋವ್ ಇದಕ್ಕೆ ಮೂರು ಷರತ್ತುಗಳನ್ನು ಹೇಳಿದರು. ಪ್ರೋಟಾನಿನಂಥ ಕಣಗಳ ಒಟ್ಟು ಎಣಿಕೆ ಬದಲಾಗಬಲ್ಲ ಕ್ರಿಯೆ ಇರಬೇಕು. ಪ್ರಕೃತಿ ಕಣ ಪ್ರತಿಕಣಗಳ ನಡುವೆ ಕೊಂಚ ಭೇದ ಮಾಡಬೇಕು. ವಿಶ್ವ ಸಮತೋಲದಿಂದ ಸರಿದ ಗಳಿಗೆಯಲ್ಲಿ ಇದು ನಡೆಯಬೇಕು. ಎರಡನೆಯ ಷರತ್ತಿನ ಭೇದವನ್ನು ಕ್ರೋನಿನ್ ಮತ್ತು ಫಿಚ್ 1964ರಲ್ಲೇ ಅಮೆರಿಕದಲ್ಲಿ ಕಂಡಿದ್ದರು. ಮೊದಲನೆಯದಕ್ಕೆ ಪುರಾವೆ ಇರಲಿಲ್ಲ. 1973-74ರಲ್ಲಿ ಒಡಿಶಾದ ಜೋಗೇಶ್ ಪತಿ ಹಾಗೂ ಅಬ್ದುಸ್ ಸಲಾಂ ಒಂದು ಕಡೆ, ಜಾರ್ಜಿ ಹಾಗೂ ಗ್ಲಾಷೊ ಇನ್ನೊಂದು ಕಡೆ, ಪ್ರೋಟಾನು ಕೂಡ ಎಂದಾದರೂ ಅಳಿಯಬಹುದೆಂಬ ಸಿದ್ಧಾಂತಗಳನ್ನು ಮಂಡಿಸಿದರು. ಅದನ್ನು ಕಣ್ಣಾರೆ ಕಂಡರೆ ಸಖರೋವರ ಮೊದಲ ಷರತ್ತಿಗೆ ಬಲ ಬರುತ್ತಿತ್ತು.

ಇಲ್ಲಿ ಕೋಲಾರ ಬರುತ್ತದೆ. ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳ ಗದ್ದಲದಲ್ಲಿ ಇಂಥ ಅಪರೂಪದ ಘಟನೆ ತಿಳಿಯುವುದಿಲ್ಲ. ಬಂಡೆಯ ಮರೆ ಬೇಕು. ಕೋಲಾರದ ಗಣಿಗಳು ಲೋಕದ ಅತ್ಯಂತ ಆಳವಾದ ಗಣಿಗಳ ಸಾಲಿನವು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ 1951ರ ಸುಮಾರಿಗೆ ಹೋಮಿ ಭಾಭಾ ಅವರ ಸೂಚನೆಯಂತೆ ಆ ಗಣಿಗೆ ಇಳಿದು ವಿಶ್ವಕಿರಣಗಳನ್ನು ಅಳೆಯತೊಡಗಿದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್‌ಗಳ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಅಲ್ಲಿ ಹಿಡಿಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲೂ ಅದು ದೊರೆಯಿತು. ಈ ತಂಡದ ಎಂ. ಜಿ. ಕೆ. ಮೆನನ್ ಮಂಗಳೂರಿನಲ್ಲಿ ಹುಟ್ಟಿದ ಮಲಯಾಳಿ. ಎರಡು ಭಾಷೆಗಳ ಈ ಸಂಚಿಕೆಯಲ್ಲಿ ಅದನ್ನು ನೆನೆಯುವುದು ನನಗೆ ಸಂತೋಷ.

1980ರ ಕೊನೆಯಲ್ಲಿ 2,300 ಮೀಟರ್ ಆಳದಲ್ಲಿ ಪ್ರೋಟಾನಿನ ಪರೀಕ್ಷೆ ಆರಂಭವಾಯಿತು. ಅನಿಲ ತುಂಬಿದ ಕಬ್ಬಿಣದ ಕೊಳವೆಗಳನ್ನು 34 ಪದರಗಳಾಗಿ ಜೋಡಿಸಿದ್ದರು. ತೂಕ ಸುಮಾರು 140 ಟನ್. ಕಬ್ಬಿಣದೊಳಗಿನ ಪ್ರೋಟಾನು ಒಡೆದರೆ ಅದರ ಚೂರುಗಳು ಹಾಯ್ದ ಜಾಡು ಕೊಳವೆಗಳಲ್ಲಿ ಮೂಡಬೇಕು. ನಾನೂ ಲೆಕ್ಕ ಹಾಕಿ ನೋಡಿದೆ. 140 ಟನ್ ಕಬ್ಬಿಣದಲ್ಲಿ ಪ್ರೋಟಾನು ನ್ಯೂಟ್ರಾನುಗಳು ಸೇರಿ ಎಂಟರ ಮುಂದೆ 31 ಸೊನ್ನೆಗಳಷ್ಟು. ಅವುಗಳ ಸರಾಸರಿ ಆಯುಸ್ಸು ಒಂದರ ಮುಂದೆ 31 ಸೊನ್ನೆಗಳಷ್ಟು ವರ್ಷವಾದರೆ, ವರ್ಷಕ್ಕೆ ಎಂಟು ಸಾವು. ಅಷ್ಟಕ್ಕಾಗಿ ವರ್ಷವಿಡೀ ಕಾವಲು!

ಕೆಲವು ಜಾಡುಗಳು ಸಿಕ್ಕವು. 1980ರ ದಶಕದ ಆರಂಭದಲ್ಲಿ ತಂಡ ಅವನ್ನು ಲೋಕದ ಮುಂದಿಟ್ಟಾಗ ಎಲ್ಲರ ಕಣ್ಣೂ ಕೋಲಾರದ ಮೇಲೆ ಬಿತ್ತು. ಆದರೆ ನ್ಯೂಟ್ರಿನೊ ಬಂದು ಬಡಿದರೂ ಅಂಥದೇ ಜಾಡು ಮೂಡಬಲ್ಲದು. ಹದಿನೈದು ವರ್ಷಗಳ ಹಿಂದೆ ಅದೇ ಗಣಿಗೆ ಕೀರ್ತಿ ತಂದ ಕಣವೇ ಈಗ ಸಂಶಯಕ್ಕೆ ಕಾರಣವಾಯಿತು. ಅಮೆರಿಕದ ಒಹಾಯೊದ ಉಪ್ಪಿನ ಗಣಿಯಲ್ಲಿ, ಜಪಾನಿನ ಕಾಮಿಯೊಕದಲ್ಲಿ ಸಾವಿರಾರು ಟನ್ ನೀರಿನ ತೊಟ್ಟಿಗಳನ್ನಿಟ್ಟು ಕಾದವರಿಗೆ ಪ್ರೋಟಾನಿನ ಸಾವು ಕಾಣಲಿಲ್ಲ. ಜಾರ್ಜಿ ಗ್ಲಾಷೊರ ಸರಳ ಸಿದ್ಧಾಂತ ಬಿದ್ದುಹೋಯಿತು. 50,000 ಟನ್ ನೀರಿನ ಸೂಪರ್ ಕಾಮಿಯೊಕಾಂಡೆ 1996ರಿಂದ ಕಾಯುತ್ತಿದ್ದರೂ ಕಂಡಿಲ್ಲ. ಪ್ರೋಟಾನಿನ ಆಯುಸ್ಸು ಕೋಲಾರದವರು ಎಣಿಸಿದ್ದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚೆಂದು ತೋರುತ್ತದೆ.

ಹಾಗಾದರೆ ಎಲ್ಲವೂ ವ್ಯರ್ಥವೆ? ಅಡ್ಡಿಯೆಂದು ಎಣಿಸಿದ್ದ ಆ ನ್ಯೂಟ್ರಿನೊಗಳನ್ನೇ ಎಣಿಸುತ್ತ ಹೋದಾಗ, ಅವು ದಾರಿಯಲ್ಲಿ ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಗುತ್ತವೆಂದು 1998ರಲ್ಲಿ ಸೂಪರ್ ಕಾಮಿಯೊಕಾಂಡೆ ತೋರಿಸಿತು. ಆ ಒಂದು ರೂಪಾಯಿಯ ಮೂಲ ನ್ಯೂಟ್ರಿನೊಗಳ ಕಡೆಯಿಂದಲೇ ಇರಬಹುದೆಂದು 1986ರಲ್ಲಿ ಫುಕುಗಿತ ಮತ್ತು ಯಾನಗಿದ ಸೂಚಿಸಿದ್ದರು; ಈಗ ಹಲವರು ಹುಡುಕುತ್ತಿರುವುದು ಆ ದಾರಿಯಲ್ಲಿ. 2025ರಲ್ಲಿ ಸರ್ನ್ ಪ್ರಯೋಗಾಲಯ ಪ್ರೋಟಾನಿನ ಜಾತಿಯ ಕಣವೊಂದರಲ್ಲೂ ಸಖರೋವ್ ಹೇಳಿದ ಭೇದವನ್ನು ಕಂಡಿತು. ಆದರೆ ಇದುವರೆಗೆ ಕಂಡ ಭೇದ ಲೆಕ್ಕ ತುಂಬಲು ಸಾಲದು.

ಕೋಲಾರದ ಪರೀಕ್ಷೆ 1990ರ ದಶಕದ ಆರಂಭದಲ್ಲಿ ನಿಂತಿತು. 2001ರ ಫೆಬ್ರವರಿಯಲ್ಲಿ ಗಣಿಯೂ ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿತು. ಶ್ರೀಕಂಠನ್ 2019ರಲ್ಲಿ ತೀರಿಕೊಂಡರು. ನಮ್ಮ ಕಡೆಯ ಮಕ್ಕಳು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಓದುತ್ತಾರೆ. ನಿಮ್ಮ ಕಡೆ ಮಲಯಾಳದಲ್ಲಿ. ಕೋಲಾರವೆಂದರೆ ಚಿನ್ನ, ಇಲ್ಲವೆ ಸಿನಿಮಾ ಎಂದಷ್ಟೇ ಅವರು ತಿಳಿದರೆ ತಪ್ಪು ಅವರದಲ್ಲ. ವಿಶ್ವವೇಕೆ ಬರಿದಾಗಿಲ್ಲ ಎಂಬ ಪ್ರಶ್ನೆಯನ್ನು ಕನ್ನಡ ನೆಲದ ಬಂಡೆಯೊಳಗೆ ಕುಳಿತು ಕೇಳಿದವರಿದ್ದರು, ಉತ್ತರ ಸಿಗದಿದ್ದರೂ ಸಿಗಲಿಲ್ಲವೆಂಬುದನ್ನು ಲೋಕ ಒಪ್ಪಿಕೊಂಡಿತು ಎಂದು ಮನೆಯಲ್ಲಿ ನಾವೇ ಹೇಳಬೇಕು. ಲೆಕ್ಕ ಹೊಂದದ ದಿನ ಪುಸ್ತಕ ಮುಚ್ಚಬಾರದೆಂದು ನಮ್ಮ ಕಸುಬಿನಲ್ಲೂ ಹೇಳುತ್ತಾರೆ.