ಮುಖಕ್ಕೆ ನೆರಳೂ ಬೇಕು

‘ಫೋಟೋಗ್ರಾಫ್’ ಎಂಬ ಮಾತಿಗೆ ಗ್ರೀಕ್ ಮೂಲದಲ್ಲಿ ‘ಬೆಳಕಿನ ಬರಹ’ವೆಂದು ಅರ್ಥ. ನಮ್ಮ ಹಿರಿಯರು ಅದನ್ನು ‘ಛಾಯಾಚಿತ್ರ’ವೆಂದು ಕರೆದರು. ಅವರು ಬೆಳಕಿನ ಹೆಸರಿಟ್ಟರು, ನಾವು ನೆರಳಿನ ಹೆಸರಿಟ್ಟೆವು. ಎರಡೂ ಸರಿಯೇ. ಬೆಳಕು ಮುಖವನ್ನು ಕಾಣಿಸುತ್ತದೆ. ನೆರಳು ಅದಕ್ಕೆ ಉಬ್ಬುತಗ್ಗುಗಳನ್ನಿತ್ತು ಮನುಷ್ಯನನ್ನು ಕಾಣಿಸುತ್ತದೆ.

ಬ್ಯಾಂಕಿನ ಗುಮಾಸ್ತರಾದ ನಮಗೆ ಈ ಭೇದ ದಿನವೂ ಕಣ್ಣಿಗೆ ಬೀಳುವಂಥದು. ಖಾತೆಯ ಅರ್ಜಿಗೆ ಅಂಟಿಸಿದ ಪಾಸ್‌ಪೋರ್ಟ್ ಅಳತೆಯ ಚಿತ್ರದಲ್ಲಿ ಎರಡು ಕೆನ್ನೆಗಳ ಮೇಲೂ ಬೆಳಕು ಸಮನಾಗಿರುತ್ತದೆ. ಗುರುತು ಹಿಡಿಯಲು ಅಷ್ಟು ಸಾಕು. ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರೆ ಮಾತ್ರ, ‘ನಮ್ಮ ತಂದೆ ಹೀಗಿರಲಿಲ್ಲವಲ್ಲ’ ಎನಿಸುತ್ತದೆ.

ಮಲ್ಕಾಜ್‌ಗಿರಿಯಲ್ಲಿ ನೆಲಸಿದ ನಾವು ಈ ಕಲೆಯ ಚರಿತ್ರೆಯನ್ನು ದೂರದಲ್ಲಿ ಅರಸಬೇಕಾಗಿಲ್ಲ. ನೆರೆಯ ಸಿಕಂದರಾಬಾದಿನಲ್ಲಿಯೇ 1880ರ ದಶಕದಲ್ಲಿ ಲಾಲಾ ದೀನ್ ದಯಾಳರು ಸ್ಟುಡಿಯೋ ತೆರೆದರು. 1844ರಲ್ಲಿ ಮೀರತ್ ಬಳಿಯ ಸರ್ಧಾನಾದಲ್ಲಿ ಜನಿಸಿದ ಇವರು ರೂರ್ಕಿಯಲ್ಲಿ ಓದಿ, ಇಂದೂರಿನಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದವರು. ನಮ್ಮಂತೆಯೇ ಹೊರಗಿನಿಂದ ಬಂದವರು. ಆರನೆಯ ನಿಜಾಮ ಮಹಬೂಬ್ ಅಲೀ ಖಾನರು ಇವರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡು ‘ರಾಜಾ’ ಬಿರುದನ್ನಿತ್ತರು.

ಆ ಕಾಲದ ಸ್ಟುಡಿಯೋಗಳಿಗೆ ಸೂರ್ಯನೇ ದೀಪ. ಮಾಡಿಗೆ ಗಾಜು, ಗಾಜಿಗೆ ಪರದೆ. ಪರದೆ ಎಳೆದರೆ ನೆರಳು, ಸರಿಸಿದರೆ ಬೆಳಕು. ಕತ್ತಲೆ ಹೆಚ್ಚಾದ ಕೆನ್ನೆಯ ಕಡೆಗೆ ಬಿಳಿಯ ತೆರೆಯೊಂದನ್ನು ನಿಲ್ಲಿಸಿದರೆ ಕಪ್ಪು ತಿಳಿಯಾಗುತ್ತಿತ್ತು. ಗೋಷಾದ ಹೆಂಗಸರಿಗಾಗಿ 1892ರಲ್ಲಿ ದೀನ್ ದಯಾಳರು ಹೈದರಾಬಾದಿನಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೋ ತೆರೆದು, ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆಗೆ ಅದನ್ನು ಒಪ್ಪಿಸಿದರು. 1905ರಲ್ಲಿ ಅವರು ತೀರಿಕೊಂಡರು.

ಕನ್ನಡ ನಾಡೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. 1923ರಲ್ಲಿ ಮೈಸೂರಿನಲ್ಲಿ ಇಬ್ಬರು ಹುಟ್ಟಿದರು. ಒಬ್ಬರು ಟಿ. ಎಸ್. ಸತ್ಯನ್. ಆರ್. ಕೆ. ನಾರಾಯಣರಂಥ ಪ್ರಸಿದ್ಧರನ್ನೂ ಬೀದಿಯ ಮಕ್ಕಳನ್ನೂ ಒಂದೇ ಅಕ್ಕರೆಯಿಂದ ಕಪ್ಪುಬಿಳುಪಿನಲ್ಲಿ ಹಿಡಿದ ಇವರಿಗೆ 1977ರಲ್ಲಿ ಪದ್ಮಶ್ರೀ ಸಂದಿತು. ಇನ್ನೊಬ್ಬರು ಚಲನಚಿತ್ರದ ವಿ. ಕೆ. ಮೂರ್ತಿ. 1959ರ ‘ಕಾಗಜ್ ಕೇ ಫೂಲ್’ ಚಿತ್ರಕ್ಕಾಗಿ ಇವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ, ಕತ್ತಲೆ ಕವಿದ ಸ್ಟುಡಿಯೋದೊಳಗೆ ಒಂದು ಬೆಳಕಿನ ಕೋಲನ್ನೇ ಇಳಿಸಿದರು. ವಿದ್ಯುದ್ದೀಪಗಳಿದ್ದ ಕಾಲದಲ್ಲಿಯೂ ಮತ್ತೆ ಸೂರ್ಯನನ್ನೇ ಕರೆದರು! 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಇವರದಾಯಿತು. ಛಾಯಾಗ್ರಾಹಕರೊಬ್ಬರಿಗೆ ಅದು ದೊರೆತದ್ದು ಅದೇ ಮೊದಲು.

ಈ ಚರಿತ್ರೆಯಿಂದ ನಮ್ಮ ಸಂಸಾರಗಳಿಗೆ ಏನು ಉಪಯೋಗ? ಇಂದು ಎಲ್ಲರ ಕೈಯಲ್ಲಿಯೂ ಮೊಬೈಲ್ ಇದೆ. ಮದುವೆ, ಮುಂಜಿಗಳಲ್ಲಿ ಸಾವಿರ ಚಿತ್ರ ತೆಗೆಯುತ್ತೇವೆ. ಆದರೂ ಅಜ್ಜಿ ಕಣ್ಮುಚ್ಚಿದ ದಿನ ಹಾರ ಹಾಕಲು ಒಂದು ಒಳ್ಳೆಯ ಪಟ ಸಿಗದೆ, ಗುಂಪಿನ ಚಿತ್ರದಿಂದ ಆಕೆಯ ಮುಖವನ್ನು ಕತ್ತರಿಸಿ ತೆಗೆಯುವ ಮನೆಗಳೆಷ್ಟಿಲ್ಲ!

ಆದುದರಿಂದ ನಮ್ಮದೊಂದು ವಿನಂತಿ. ಬೆಳಗಿನ ಹೊತ್ತು ಹಿರಿಯರನ್ನು ಕಿಟಕಿಗೆ ಪಕ್ಕವಾಗಿ ಕೂರಿಸಿರಿ. ಫ್ಲಾಶ್ ಬೇಡ. ನೆರಳಿನ ಕಡೆಗೆ ಒಂದು ಬಿಳಿ ಪಂಚೆಯನ್ನು ಹರಡಿದರೆ ಸಾಕು. ಸುಕ್ಕುಗಳನ್ನು ಅಳಿಸಬೇಡಿರಿ, ಊರು ಬಿಟ್ಟು ಬಂದು ಮನೆ ಕಟ್ಟಿದ ಲೆಕ್ಕವೆಲ್ಲ ಅಲ್ಲಿಯೇ ಬರೆದಿದೆ. ಪಟವನ್ನು ಅಚ್ಚು ಹಾಕಿಸಿ, ಬೆನ್ನಿಗೆ ಹೆಸರು, ಊರು, ಇಸವಿಗಳನ್ನು ಕನ್ನಡದಲ್ಲಿ ಬರೆದಿಡಿರಿ. ಮೊಮ್ಮಕ್ಕಳು ಅದನ್ನು ಓದಬಲ್ಲವರಾಗಲಿ.