ಚಾಂದಬೀಬಿ: ಕತ್ತಿ ಹಿಡಿಯುವ ಮೊದಲು

ಸ್ಪೆನ್ಸರ್ ಎಂಬ ಇಂಗ್ಲಿಷ್ ಕವಿಯ ‘ಫೇರಿ ಕ್ವೀನ್’ ಕಾವ್ಯದ ಮುಂದಿನ ಭಾಗ 1596ರಲ್ಲಿ ಅಚ್ಚಾಯಿತು. ಅದರ ಬ್ರಿಟೊಮಾರ್ಟ್ ಗಂಡಸಿನ ಕವಚ ತೊಟ್ಟ ವೀರೆ. ಇಟಲಿಯ ಅರಿಯೋಸ್ತೊ ಕಾವ್ಯದ ಬ್ರಾದಮಾಂತೆ, ತಾಸ್ಸೊ ಕಾವ್ಯದ ಕ್ಲೊರಿಂದಾ ಅದೇ ಸಾಲಿನವರು. ಶಿರಸ್ತ್ರಾಣ ಕಳಚಿ ಕೂದಲು ಇಳಿಬಿದ್ದಾಗಲೇ ಇವರು ಹೆಂಗಸರೆಂದು ಎದುರಾಳಿಗೆ ತಿಳಿಯುವುದು. ಕೊನೆಗೆ ಬ್ರಾದಮಾಂತೆಗೆ ಮದುವೆ, ಕ್ಲೊರಿಂದಾಗೆ ತನ್ನನ್ನು ಪ್ರೀತಿಸಿದವನ ಕೈಯಲ್ಲೇ ಸಾವು. ಅದೇ 1596ರಲ್ಲಿ, ಕಾವ್ಯದಲ್ಲಲ್ಲ, ನಿಜದ ಯುದ್ಧದಲ್ಲಿ, ವಿಜಾಪುರದ ಸೊಸೆ ಚಾಂದಬೀಬಿ ತವರಾದ ಅಹಮದನಗರದ ಕೋಟೆಯಲ್ಲಿ ನಿಂತು ಅಕ್ಬರನ ಮಗ ಮುರಾದನ ಸೈನ್ಯವನ್ನು ತಡೆದಳು. ಸುರಂಗ ಸಿಡಿದು ಗೋಡೆ ಬಿರಿದಾಗ ಆಕೆ ಮುಖಪರದೆ ಹಾಕಿಕೊಂಡು, ಬಿಚ್ಚುಗತ್ತಿ ಹಿಡಿದು ಮುಂದೆ ಬಂದಳೆಂದೂ ರಾತ್ರೋರಾತ್ರಿ ಗೋಡೆ ಕಟ್ಟಿಸಿದಳೆಂದೂ ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ತೋಪಿಗೆ ಬೆಳ್ಳಿಬಂಗಾರದ ನಾಣ್ಯ ತುಂಬಿ ಹೊಡೆದಳೆಂಬುದು ಆಮೇಲೆ ಬೆಳೆದ ದಂತಕಥೆ.

ಕತ್ತಿ ಹಿಡಿದ ವೀರೆಯ ಈ ಒಂದು ಚಿತ್ರವನ್ನೇ ಹಿಡಿದುಕೊಂಡು ನಾವು ಆಕೆಗೆ ಅನ್ಯಾಯ ಮಾಡಿದ್ದೇವೆ. ಚಾಂದಬೀಬಿಯ ದೊಡ್ಡಸ್ತಿಕೆ ರಾಜಕಾರಣದ್ದು, ಅದನ್ನು ಆಕೆ ಕಲಿತದ್ದು ವಿಜಾಪುರದಲ್ಲಿ. 1580ರಲ್ಲಿ ಗಂಡ ಒಂದನೆಯ ಅಲಿ ಆದಿಲ್‌ಶಾಹ ಕೊಲೆಯಾದಾಗ ಪಟ್ಟಕ್ಕೆ ಬಂದವನು ಒಂಬತ್ತು ವರ್ಷದ ಇಬ್ರಾಹಿಂ. ಹುಡುಗನ ಪಾಲನೆ ಆಕೆಯ ಹೆಗಲಿಗೆ ಬಿತ್ತು. ಅಧಿಕಾರವನ್ನೆಲ್ಲ ಬಾಚಿಕೊಳ್ಳಹೊರಟ ಸರದಾರ ಕಾಮಿಲ್‌ಖಾನನನ್ನು ಇನ್ನೊಬ್ಬ ಸರದಾರ ಕಿಶ್ವರ್‌ಖಾನನ ಕೈಯಿಂದ ತೆಗೆಸಿದಳು. ಕಿಶ್ವರ್‌ಖಾನನೂ ತಿರುಗಿಬಿದ್ದು ಆಕೆಯನ್ನೇ ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಹಬಶಿ ಸರದಾರ ಇಖ್ಲಾಸ್‌ಖಾನನ ಕಡೆಯವರು ಎದ್ದ ಮೇಲೆ ಬಿಡುಗಡೆಯಾಗಿ ಮರಳಿದಳು.

ಫರಿಶ್ತಾ ಇಬ್ರಾಹಿಮನ ಆಸ್ಥಾನದವನು, ಹೊಗಳದೆ ಇದ್ದಾನೆಯೇ ಎಂದು ಕೇಳಬಹುದು. ಕತ್ತಿ, ಪರದೆಯ ಬಣ್ಣನೆಗೆ ಆ ಅನುಮಾನ ಸಲ್ಲುತ್ತದೆ. ಆದರೆ ಮುರಾದ್ ಕೋಟೆ ಗೆಲ್ಲದೆ, ಬರಾರ್ ಪ್ರಾಂತ ಪಡೆದು ಒಪ್ಪಂದಕ್ಕೆ ಬಂದದ್ದು ಯಾವ ಹೊಗಳಿಕೆಯನ್ನೂ ನೆಚ್ಚಿಕೊಂಡ ಸಂಗತಿಯಲ್ಲ. ಕತ್ತಿಯಿಲ್ಲದಿದ್ದರೆ ಕೋಟೆ ಉಳಿಯುತ್ತಿತ್ತೇ ಎಂಬ ಪ್ರಶ್ನೆ ಆ ಅನುಮಾನಕ್ಕಿಂತ ಗಟ್ಟಿ. ಧೈರ್ಯ ಬೇಕಿತ್ತು, ನಿಜ. ಆದರೆ ಮುರಾದನನ್ನು ಅವಸರಕ್ಕೆ ತಳ್ಳಿದ್ದು ಅನ್ನ-ಮೇವಿನ ಕೊರತೆಯ ಜೊತೆಗೆ, ಸುಹೈಲ್‌ಖಾನನ ನೇತೃತ್ವದಲ್ಲಿ ವಿಜಾಪುರದಿಂದ ಹೊರಟಿದ್ದ ದಂಡು. ಅದನ್ನು ಕಳಿಸಿದವನು ಆಕೆ ಸಾಕಿ ಬೆಳೆಸಿದ ಅದೇ ಇಬ್ರಾಹಿಂ. 1600ರಲ್ಲಿ ಮೊಗಲರು ಮತ್ತೆ ಮುತ್ತಿದಾಗ ಸಂಧಿಯೇ ದಾರಿಯೆಂದು ಆಕೆ ಕಂಡುಕೊಂಡಳು. ದ್ರೋಹವೆಂಬ ಗುಲ್ಲೆದ್ದು ಸ್ವಂತ ಪಡೆಯವರೇ ಕೊಂದರು, ಕೆಲದಿನಗಳಲ್ಲೇ ಕೋಟೆ ಬಿತ್ತು.

ವಿಜಾಪುರದಲ್ಲಿ (ಇಂದಿನ ವಿಜಯಪುರ) ಆಕೆಯ ಹೆಸರು ಹೊತ್ತ ಚಾಂದ್ ಬಾವಡಿ ಎಂಬ ಬಾವಿ 1579ರದ್ದು. ಅದನ್ನು ತೋರಿಸುವವರು ಮಕ್ಕಳಿಗೆ ಬಿಚ್ಚುಗತ್ತಿಯ ಕಥೆಯೊಂದಿಗೆ ಸಾತಾರಾ ಸೆರೆಯನ್ನೂ ಆ ಸಂಧಿಯನ್ನೂ ಹೇಳಲಿ.