ಬಿಸಿಲಿಗೆ ಹಿಡಿದರೆ ಕಾಣುತ್ತಾ?

ಸಿಂಪ್ಯೂಟರ್ ಅಂದ ಕೂಡಲೇ ಟಿವಿ ಚರ್ಚೆಗಳಲ್ಲಿ ಒಂದು ಮಾತು ಬಂದೇ ಬರುತ್ತೆ. "ಐಫೋನ್‌ಗಿಂತ ಆರು ವರ್ಷ ಮೊದಲೇ ಬೆಂಗಳೂರು ಮಾಡಿತ್ತು, ನಾವೇ ಕೈಬಿಟ್ವಿ!" ಕೇಳೋಕೆ ಚೆನ್ನಾಗಿದೆ. ಬ್ರೇಕ್‌ಗೆ ಹೋಗೋ ಮುಂಚೆ ಹೇಳೋಕೆ ಇನ್ನೂ ಚೆನ್ನಾಗಿದೆ. ಆದರೆ ಆ ಹೋಲಿಕೆಯೇ ಸರಿಯಿಲ್ಲ ಅನ್ನೋದು ನನ್ನ ವಾದ. ಅದನ್ನು ಐಫೋನ್ ಪಕ್ಕ ಇಡಬೇಡಿ. ಅದರದ್ದೇ ಕಾಲದ ಯಂತ್ರಗಳ ಪಕ್ಕ ಇಟ್ಟು ಎರಡು ಪ್ರಶ್ನೆ ಕೇಳಿ. ಓದೋಕೆ ಆಗುತ್ತಾ? ಕೈಯಲ್ಲಿ ಹಿಡ್ಕೊಂಡು ಓಡಾಡೋಕೆ ಆಗುತ್ತಾ?

1993ರಲ್ಲಿ ಆಪಲ್ ಕಂಪನಿ ನ್ಯೂಟನ್ ಅನ್ನೋ ಕೈಗಣಕ ತಂತು. ಸ್ಕ್ರೀನ್ ದೊಡ್ಡದು, ಅಡ್ಡ ಉದ್ದ 336 ಮತ್ತು 240 ಚುಕ್ಕಿ. ತೂಕ ಹತ್ತಿರ ಹತ್ತಿರ 400 ಗ್ರಾಂ. ಅಂಗಿ ಜೇಬಿಗೆ ಹಾಕಿದರೆ ಜೇಬೇ ಕಿತ್ತು ಬರಬೇಕು! ಕೈಬರಹ ಗುರುತಿಸುತ್ತೆ ಅಂದಿದ್ದರು, ಅದೂ ನಗೆಪಾಟಲಾಯಿತು. 1998ರಲ್ಲಿ ಕಂಪನಿಯೇ ಅದಕ್ಕೆ ಬಾಗಿಲು ಹಾಕಿತು.

ಇದರ ಪಾಠ ಕಲಿತವರು ಜೆಫ್ ಹಾಕಿನ್ಸ್. ಪಾಮ್ ಪೈಲಟ್ ಕಟ್ಟೋ ಮುಂಚೆ ಅವರು ಒಂದು ಮರದ ತುಂಡನ್ನು ಜೇಬಿನ ಅಳತೆಗೆ ಕೆತ್ತಿಸಿಕೊಂಡು ಇಟ್ಕೊಂಡು ಓಡಾಡ್ತಿದ್ದರು. ಮೀಟಿಂಗ್‌ನಲ್ಲಿ ಅದನ್ನು ತೆಗೆದು, ಕಡ್ಡಿಯಿಂದ ಬರೆಯೋ ಹಾಗೆ ನಟಿಸ್ತಿದ್ದರು. ನೋಡಿದವರು ಏನಂದುಕೊಂಡರೋ! ಆದರೆ ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಸರ್ಕ್ಯೂಟ್‌ಗಿಂತ ಮೊದಲು ಜೇಬನ್ನು ಅಳೆದ ಆ ಬುದ್ಧಿ ದೊಡ್ಡದು. 1996ರಲ್ಲಿ ಪೈಲಟ್ ಬಂತು. ಸುಮಾರು 160 ಗ್ರಾಂ, ಎರಡು ಸಣ್ಣ ಸೆಲ್ ಹಾಕಿದರೆ ವಾರಗಟ್ಟಲೆ ನಡೆಯುತ್ತಿತ್ತು. ಸ್ಕ್ರೀನ್ ಮಾತ್ರ 160ಕ್ಕೆ 160 ಚುಕ್ಕಿ, ಬಣ್ಣವಿಲ್ಲ.

ಆಮೇಲೆ ಶುರುವಾಯಿತು ಬಣ್ಣದ ಹುಚ್ಚು. 1999ರ ಕ್ಯಾಸಿಯೋ ಕ್ಯಾಸಿಯೋಪಿಯಾ ಇ-100, 2000ದ ಪಾಮ್ 3ಸಿ. ಅಂಗಡಿಯೊಳಗೆ ನೋಡಿದರೆ ಕಣ್ಣು ಕೋರೈಸುತ್ತೆ. ಹೊರಗೆ ಬಂದು ಬಿಸಿಲಿಗೆ ಹಿಡಿದರೆ ಏನೂ ಇಲ್ಲ! ಕಾರಣ ಸರಳ. ಈ ಸ್ಕ್ರೀನ್‌ಗಳು ತಮ್ಮ ಬೆನ್ನ ಹಿಂದಿನ ದೀಪದಿಂದ ಬೆಳಗೋವು. ಸೂರ್ಯನ ಎದುರು ಆ ದೀಪ ಮದುವೆ ಮನೆಯ ಫೋಕಸ್ ಲೈಟ್ ಮುಂದೆ ಹಚ್ಚಿಟ್ಟ ಹಣತೆ. ಹಳೇ ಕಪ್ಪು-ಬಿಳುಪು ಸ್ಕ್ರೀನ್ ಹಾಗಲ್ಲ. ಮೇಲೆ ಬಿದ್ದ ಬೆಳಕನ್ನೇ ಕನ್ನಡಿ ಥರ ವಾಪಸ್ ಕಳಿಸುತ್ತೆ, ಅದಕ್ಕೇ ಬಿಸಿಲು ಹೆಚ್ಚಿದಷ್ಟೂ ಅಕ್ಷರ ಸ್ಪಷ್ಟ. ಕಾಂಪ್ಯಾಕ್ ಕಂಪನಿಯ ಐಪ್ಯಾಕ್ 2000ದಲ್ಲಿ ಇದೇ ತತ್ವವನ್ನು ಬಣ್ಣದ ಸ್ಕ್ರೀನ್‌ಗೆ ತಂತು. ಬೆಲೆ 499 ಡಾಲರ್. ಅಮೆರಿಕದ ಮ್ಯಾನೇಜರ್ ಕೊಂಡಾನು.

ಈಗ ನಮ್ಮ ವಿಷಯಕ್ಕೆ ಬರೋಣ. ಇಂಗ್ಲಿಷ್ ಅಕ್ಷರಕ್ಕೆ ಏಳೆಂಟು ಚುಕ್ಕಿ ಎತ್ತರ ಇದ್ದರೆ ಗುರುತು ಸಿಗುತ್ತೆ. ಕನ್ನಡದ "ರಾಷ್ಟ್ರ" ಅನ್ನೋ ಪದ ತಗೊಳ್ಳಿ. ಷ ಕೆಳಗೆ ಟ ಒತ್ತು, ಜೊತೆಗೆ ರ ಒತ್ತು. ಮೇಲೂ ಜಾಗ ಬೇಕು, ಕೆಳಗೂ ಬೇಕು. ಒಂದು ಸಾಲಿಗೆ 20 ಚುಕ್ಕಿ ಅಂತ ಇಟ್ಕೊಂಡರೂ ಪಾಮ್‌ನ ಇಡೀ ಸ್ಕ್ರೀನ್‌ಗೆ ಎಂಟೇ ಸಾಲು. ಅದರಲ್ಲಿ ರೈತನಿಗೆ ಪಹಣಿ ತೋರಿಸೋದು ಹೇಗೆ? 9ನೇ ಕಾಲಂ ಬಂದರೆ 11ನೇ ಕಾಲಂ ಇರಲ್ಲ!

ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯೋ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್, ಅವರ ಜೊತೆ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮತ್ತು ಅವರ ಬಳಗ ಸೇರಿ 2001ರಲ್ಲಿ ಸಿಂಪ್ಯೂಟರನ್ನು ಜನರ ಮುಂದಿಟ್ಟರು. ಐಪ್ಯಾಕ್‌ನಲ್ಲಿದ್ದ ಸ್ಟ್ರಾಂಗ್‌ಆರ್ಮ್ ಕುಟುಂಬದ್ದೇ ಪ್ರೊಸೆಸರ್, ಲಿನಕ್ಸ್ ವ್ಯವಸ್ಥೆ, 320 ಮತ್ತು 240 ಚುಕ್ಕಿಯ ಸ್ಕ್ರೀನ್. ಅಂದರೆ ಪಾಮ್‌ನ ಮೂರು ಪಟ್ಟು ಚುಕ್ಕಿ. ಆದರೆ ನನಗೆ ಮೆಚ್ಚುಗೆಯಾಗೋದು ಇದ್ಯಾವುದೂ ಅಲ್ಲ. ಓದೋಕೆ ಬರದವನಿಗೆ ಎಷ್ಟು ಚುಕ್ಕಿ ಕೊಟ್ಟರೆ ತಾನೆ ಏನು ಪ್ರಯೋಜನ? ಅದಕ್ಕೆ ಇವರು ಯಂತ್ರದಿಂದಲೇ ಓದಿಸಿದರು. "ಧ್ವನಿ" ಅನ್ನೋ ತಂತ್ರಾಂಶ ಪಠ್ಯವನ್ನು ಕನ್ನಡದಲ್ಲಿ, ಹಿಂದಿಯಲ್ಲಿ ಮಾತಾಗಿಸ್ತಿತ್ತು. ಓದಬಲ್ಲ ಸ್ಕ್ರೀನ್ ಅನ್ನೋ ಮಾತಿನ ಅರ್ಥವನ್ನೇ ಹೀಗೆ ತಿರುಗಿಸಿಬಿಟ್ಟರು.

ಹೊತ್ತೊಯ್ಯೋ ವಿಷಯದಲ್ಲೂ ಅಷ್ಟೇ. ಪಾಮ್ ಒಬ್ಬನ ಜೇಬಿಗೆ ಮಾಡಿದ್ದು. ಸಿಂಪ್ಯೂಟರ್ ಊರಿಗೆ ಒಂದು ಸಾಕು ಅಂತ ಮಾಡಿದ್ದು. ಅದರಲ್ಲಿ ಸ್ಮಾರ್ಟ್ ಕಾರ್ಡ್ ಹಾಕೋ ಜಾಗ ಇತ್ತು. ಯಂತ್ರ ಎಲ್ಲರದ್ದು, ಕಾರ್ಡ್ ಅವರವರದ್ದು. ನಿಮ್ಮ ವಿವರ ನಿಮ್ಮ ಕಾರ್ಡ್‌ನಲ್ಲಿ, ಯಂತ್ರ ಪಕ್ಕದವರ ಕೈಗೆ. ಇದನ್ನು ಐಫೋನ್ ಜೊತೆ ಹೇಗ್ರೀ ಹೋಲಿಸ್ತೀರಿ?

2004ರಲ್ಲಿ ನಮ್ಮ ಬಿಇಎಲ್ ಕಾರ್ಖಾನೆಯಿಂದಲೇ "ಅಮಿಡಾ" ಅನ್ನೋ ಹೆಸರಲ್ಲಿ ಇದು ಮಾರುಕಟ್ಟೆಗೆ ಬಂತು. ಕಪ್ಪು-ಬಿಳುಪಿನದ್ದು ಹತ್ತು ಸಾವಿರದ ಹತ್ತಿರ, ಬಣ್ಣದ್ದು ಇಪ್ಪತ್ತು ಸಾವಿರದ ಹತ್ತಿರ. ಯಂತ್ರವನ್ನು ಓರೆ ಮಾಡಿದರೆ ಪುಟ ತಿರುಗೋ ವ್ಯವಸ್ಥೆ ಆಗಲೇ ಅದರಲ್ಲಿತ್ತು. ಆದರೆ ನೋಡಿ, ಆ ಹೊತ್ತಿಗೆ ಮಾರಾಟದ ಮಾತು ಬದಲಾಗಿತ್ತು. ಫೋಟೋ ನೋಡಿ, ಹಾಡು ಕೇಳಿ, ಪೇಟೆಯವರೇ ಕೊಳ್ಳಿ. ಊರಿಗೆ ಒಂದು ಅನ್ನೋ ಯಂತ್ರವನ್ನು ಸರ್ಕಾರಗಳು ರಾಶಿ ರಾಶಿ ಕೊಳ್ಳಬೇಕಿತ್ತು, ಕೊಳ್ಳಲಿಲ್ಲ. ಪೇಟೆಯವನ ಕೈಯಲ್ಲಿ ಆಗಲೇ ಮೊಬೈಲ್ ಇತ್ತು. ಮಾರಾಟವಾಗಿದ್ದು ಕೆಲವೇ ಸಾವಿರ. ಬೆಲೆ ಜಾಸ್ತಿಯಾಯ್ತು ಅಂತ ಎಲ್ಲರೂ ಹೇಳ್ತಾರೆ. ಒಬ್ಬನೇ ಕೊಳ್ಳೋದಾದರೆ ಜಾಸ್ತಿಯೇ. ಇಡೀ ಊರಿಗೆ ಹಂಚಿ ನೋಡಿ, ಮನೆಗೆಷ್ಟು ಬೀಳುತ್ತೆ?

ಇನ್ನು ಬಿಸಿಲಿನ ಪ್ರಶ್ನೆಗೆ ಪೇಟೆ ಕೊಟ್ಟ ಉತ್ತರ 2007ರ ಕಿಂಡಲ್. ಕಾಗದದ ಥರ ಕಾಣೋ ಇ-ಇಂಕ್ ಸ್ಕ್ರೀನ್, 292 ಗ್ರಾಂ ತೂಕ. ಹೊಲದ ಬದುವಿನ ಮೇಲೆ ಕೂತರೂ ಓದಬಹುದು. 2016ರ ಕೊನೆಗೆ ಅಮೆಜಾನ್ ಅದರಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕ ತಂತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಹದಿನೈದು ವರ್ಷ ಹಿಂದೆಯೇ ಕೈಗಣಕಕ್ಕೆ ಮಾತು ಕಲಿಸಿದ ಭಾಷೆಯ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.